ಹಿಟ್ಟಿನ ಹುಂಜದ ರಕ್ತ

1955ರಲ್ಲಿ ಪೀಟರ್ ಬ್ರೂಕ್ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರನ ‘ಟೈಟಸ್ ಆಂಡ್ರೊನಿಕಸ್’ ಆಡಿಸಿದ. ಅತ್ಯಾಚಾರಕ್ಕೆ ಗುರಿಯಾಗಿ, ನಾಲಗೆ ಮತ್ತು ಎರಡೂ ಕೈ ಕಡಿಸಿಕೊಂಡು ಲವೀನಿಯಾ ರಂಗಕ್ಕೆ ಬರುವುದು ಆ ನಾಟಕದ ಅತಿ ಘೋರವಾದ ಗಳಿಗೆ. ಆ ಪಾತ್ರ ಮಾಡಿದ ವಿವಿಯನ್ ಲೀಯ ಬಾಯಿಂದ, ಮಣಿಕಟ್ಟಿನಿಂದ ಇಳಿಬಿದ್ದಿದ್ದದ್ದು ಕೆಂಪು ರಿಬ್ಬನ್. ಬಣ್ಣದ ನೀರಿಲ್ಲ, ಅಂಟಿಸಿದ ಗಾಯವಿಲ್ಲ. ಹಾಗಿದ್ದೂ ಆ ಪ್ರಯೋಗ ನೋಡುತ್ತ ಮೂರ್ಛೆ ಹೋದವರಿದ್ದರು. ಮಹಾಯುದ್ಧ ಮುಗಿದು ಆಗಿನ್ನೂ ಹತ್ತು ವರ್ಷ. ಬಾಂಬು ಬಿದ್ದ ಊರುಗಳಲ್ಲಿ ಬದುಕಿ ಉಳಿದ ಜನ ರಿಬ್ಬನ್ನಿಗೆ ಕುಸಿದರು.

ರಂಗದ ಮೇಲೆ ಕ್ರೌರ್ಯ, ಕಾಮ ಎಂದ ಕೂಡಲೇ ನಮ್ಮಲ್ಲಿ ಚರ್ಚೆ ಏಳುವುದು ಎಷ್ಟು ತೋರಿಸಬಹುದು ಎಂಬುದರ ಬಗ್ಗೆ. ಸೂಚಿಸಿದರೆ ಸಾಲದೇ ಎಂದು ಒಬ್ಬರು, ಇದ್ದದ್ದನ್ನು ಇದ್ದ ಹಾಗೆ ತೋರಿಸಲು ಅಂಜಿಕೆ ಯಾಕೆ ಎಂದು ಇನ್ನೊಬ್ಬರು. ಇಬ್ಬರೂ ಅಳೆಯುವುದು ರಕ್ತದ ಪ್ರಮಾಣವನ್ನು, ಬಟ್ಟೆಯ ಉದ್ದವನ್ನು. ರಿಬ್ಬನ್ನಿನ ಮುಂದೆ ಎರಡೂ ಅಳತೆಗೋಲು ಕೆಲಸಕ್ಕೆ ಬರುವುದಿಲ್ಲ. ಕೇಳಬೇಕಾದದ್ದು ಬೇರೆ: ನಟನೆಯೆಂದು ಎಲ್ಲರಿಗೂ ಗೊತ್ತಿರುವ ಹಿಂಸೆಗೆ ಹೊಣೆ ಎನ್ನುವುದೊಂದು ಇದೆಯೇ? ಇದ್ದರೆ ಯಾರದು?

ಈ ಪ್ರಶ್ನೆಯನ್ನು ಕನ್ನಡದಲ್ಲಿ 1209ರಷ್ಟು ಹಿಂದೆಯೇ ಕವಿ ಜನ್ನ ಎತ್ತಿದ್ದಾನೆ. ‘ಯಶೋಧರ ಚರಿತೆ’ಯ ರಾಣಿ ಅಮೃತಮತಿ ರಾತ್ರಿ ಆನೆಲಾಯದ ಕಡೆಯಿಂದ ಬಂದ ಹಾಡಿಗೆ ಮನಸೋತು, ಹಾಡಿದವನು ಕುರೂಪಿ ಮಾವುತನೆಂದು ತಿಳಿದ ಮೇಲೂ ಅವನನ್ನೇ ಬಯಸುತ್ತಾಳೆ. ಗುಟ್ಟು ಕಂಡುಕೊಂಡ ಅರಸ ಯಶೋಧರ ಕುದಿಯುತ್ತಾನೆ, ಆದರೆ ಬಾಯಿ ಬಿಡುವುದಿಲ್ಲ. ಕೆಟ್ಟ ಕನಸು ಬಿತ್ತೆಂದು ತಾಯಿಯ ಹತ್ತಿರ ಸುಳ್ಳು ಹೇಳುತ್ತಾನೆ. ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವಹತ್ಯೆಗೆ ಅವನು ಒಪ್ಪುವುದಿಲ್ಲ. ಕೊನೆಗೆ ನಡುವಿನ ದಾರಿಯೊಂದು ಸಿಗುತ್ತದೆ: ಹಿಟ್ಟಿನಲ್ಲಿ ಹುಂಜ ಮಾಡಿ ಅದನ್ನು ಕಡಿಯುವುದು. ಕತ್ತಿ ಬೀಸಿದರೆ ಹಿಟ್ಟಿನ ಹುಂಜ ಕೂಗುತ್ತದೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯಬೇಕಾಗುತ್ತದೆ. ಜೈನರ ತರ್ಕ ಇಲ್ಲಿ ಬಲು ಬಿಗಿ. ಕಡಿದದ್ದು ಹಿಟ್ಟನ್ನೇ ಇರಬಹುದು, ಕಡಿಯಬೇಕೆಂದದ್ದು ಹುಂಜವನ್ನಲ್ಲವೇ? ಸಂಕಲ್ಪದಲ್ಲಿ ಹಿಂಸೆ ನಡೆದುಹೋಗಿದೆ.

ಹಾಗೆ ನೋಡಿದರೆ ರಂಗಭೂಮಿಯಲ್ಲಿ ನಡೆಯುವುದೆಲ್ಲ ಹಿಟ್ಟಿನ ಹುಂಜದ ಬಲಿಯೇ. ದುಶ್ಶಾಸನನ ಎದೆ ಬಗೆದದ್ದು ಸುಳ್ಳು, ಆದರೆ ಬಗೆಯಲಿ ಎಂದು ಕಾದು ಕೂತ ನಮ್ಮ ಆಸೆ ಸುಳ್ಳಲ್ಲ. ಪ್ರೇಕ್ಷಕನ ಈ ಆಸೆಯನ್ನೇ ಹಿಡಿದು ನಿಲ್ಲಿಸಿದ್ದು ಆಧುನಿಕ ನಾಟಕದ ಒಳ್ಳೆಯ ಪರಂಪರೆ ಮಾಡಿದ ಕೆಲಸ ಎಂಬುದು ನನ್ನ ವಾದ. ಕೆಟ್ಟ ಪರಂಪರೆ ಅದಕ್ಕೆ ಬಣ್ಣದ ರಕ್ತ ಚೆಲ್ಲಿ ಸಮಾಧಾನ ಮಾಡಿ ಮನೆಗೆ ಕಳಿಸುತ್ತದೆ. ಗಿರೀಶ ಕಾರ್ನಾಡರು 1980ರಲ್ಲಿ ಜನ್ನನ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕ ಮಾಡಿದರು. ಅದರ ಇಂಗ್ಲಿಷ್ ರೂಪ ‘ಬಲಿ’ 2002ರಲ್ಲಿ ಬ್ರಿಟನ್ನಿನ ಲೆಸ್ಟರ್‌ನಲ್ಲಿ ರಂಗಕ್ಕೆ ಬಂತು. ಅವರ ‘ತುಘಲಕ್’, ‘ಹಯವದನ’ಗಳ ಭಾಗ್ಯ ಇದಕ್ಕೆ ನಮ್ಮಲ್ಲಿ ಸಿಕ್ಕಿಲ್ಲ. ಆದರೂ ಕ್ರೌರ್ಯ ಮತ್ತು ಕಾಮ ಎರಡರ ಬಗ್ಗೆಯೂ ಕನ್ನಡ ರಂಗಭೂಮಿ ಯೋಚಿಸಿದ ಅತ್ಯಂತ ಹರಿತವಾದ ಜಾಗ ಇದೇ ಎಂದು ನನಗೆ ಅನ್ನಿಸುತ್ತದೆ.

ಕ್ರೌರ್ಯದ ರಂಗಭೂಮಿ ಎಂದರೆ ಜಗತ್ತಿನಲ್ಲೆಲ್ಲ ನೆನಪಾಗುವ ಹೆಸರು ಫ್ರಾನ್ಸಿನ ಆಂತೊನಾನ್ ಆರ್ತೋನದು. 1931ರ ಪ್ಯಾರಿಸ್ ವಸಾಹತು ಪ್ರದರ್ಶನದಲ್ಲಿ ಬಾಲಿ ದ್ವೀಪದ ನೃತ್ಯನಾಟಕ ನೋಡಿ ಅವನು ಬೆರಗಾದ. ಮಾತಿಗೆ ಜೋತುಬಿದ್ದ ಯುರೋಪಿನ ನಾಟಕ ಸತ್ತಿದೆ, ಮೈಯೇ ಮಾತಾಡುವ, ನೋಡುವವನ ನರಕ್ಕೇ ತಾಗುವ ರಂಗಭೂಮಿ ಬೇಕು ಎಂದು 1932ರಲ್ಲಿ ಪ್ರಣಾಳಿಕೆ ಹೊರಡಿಸಿದ. ಕ್ರೌರ್ಯವೆಂದರೆ ರಕ್ತ ಹರಿಸುವುದಲ್ಲ, ತಪ್ಪಿಸಿಕೊಳ್ಳಲು ಎಡೆ ಕೊಡದ ಕಠೋರ ನಿಷ್ಠೆ ಎಂದು ಅವನೇ ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಯಿತು. ಮಗಳನ್ನು ಕೆಡಿಸುವ ತಂದೆ, ತಂದೆಯನ್ನು ಕೊಲ್ಲಿಸುವ ಮಗಳು: ಇದು 1935ರಲ್ಲಿ ಅವನು ಆಡಿಸಿದ ‘ಚೆಂಚಿ’ಯ ವಸ್ತು. ತಂದೆಯ ಪಾತ್ರ ಅವನದೇ. 17 ಪ್ರದರ್ಶನಕ್ಕೆ ಅದು ನಿಂತುಹೋಯಿತು. ಆಮೇಲೆ ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆ, ವಿದ್ಯುತ್ ಆಘಾತದ ಚಿಕಿತ್ಸೆ, 1948ರಲ್ಲಿ ಸಾವು. ಈ ಯಾತನೆಯನ್ನು ಅವನ ಸಿದ್ಧಾಂತಕ್ಕೆ ಪುರಾವೆಯೆಂಬಂತೆ ಎತ್ತಿ ಹಿಡಿಯುವ ಚಟವೊಂದು ರಂಗವಿಮರ್ಶೆಗಿದೆ. ಕಾಯಿಲೆಯ ಮನುಷ್ಯನನ್ನು ಹುತಾತ್ಮನಾಗಿ ಮಾಡಿ ಚಪ್ಪಾಳೆ ತಟ್ಟುವುದೂ ಕ್ರೌರ್ಯವೇ.

ಆರ್ತೋ ಕೊಟ್ಟ ಬಿಸಿ ದೊಡ್ಡದು, ಒಪ್ಪಿಕೊಳ್ಳೋಣ. ಆದರೆ ಅವನು ಬಯಸಿದ್ದು ಹಿಟ್ಟೇ ಇಲ್ಲದ ಹುಂಜವನ್ನು. ತುಳುನಾಡಿನ ಕೋಲ ಕಂಡವರಿಗೆ ಅದರಲ್ಲಿರುವ ತೊಡಕು ಬೇಗ ಹೊಳೆಯುತ್ತದೆ. ಅಲ್ಲಿ ದೈವಕ್ಕೆ ಕೊಡುವ ಕೋಳಿ ನಿಜದ್ದು, ದರ್ಶನ ನಿಜದ್ದು. ಅಂಗಳದಲ್ಲಿ ಸೇರಿದವರು ಯಾರೂ ಪ್ರೇಕ್ಷಕರಲ್ಲ. ಜಮೀನಿನ ತಕರಾರು, ಮನೆಯ ಕಾಯಿಲೆ, ಹಳೆಯ ಹರಕೆ, ಹೀಗೆ ಒಬ್ಬೊಬ್ಬರಿಗೂ ದೈವದ ಜತೆ ಒಂದೊಂದು ಲೆಕ್ಕವಿದೆ. ಆ ನಂಟಿಲ್ಲದೆ, ಟಿಕೀಟು ಕೊಂಡು ಬಂದ ಅಪರಿಚಿತರ ಮುಂದೆ ಆ ತೀವ್ರತೆಯನ್ನಷ್ಟೇ ತಂದು ಸುರಿಯುತ್ತೇನೆ ಎಂದರೆ ಏನಾದೀತು?

ಏನಾಗುತ್ತದೆ ಎಂಬುದು 1974ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಕಣ್ಣಿಗೆ ಕಂಡಿತು. ಯುಗೊಸ್ಲಾವಿಯಾದ ಕಲಾವಿದೆ ಮರೀನಾ ಅಬ್ರಮೋವಿಚ್ ಒಂದು ಗ್ಯಾಲರಿಯಲ್ಲಿ ಮೇಜಿನ ಮೇಲೆ 72 ವಸ್ತು ಇಟ್ಟು, ಇವನ್ನು ನನ್ನ ಮೇಲೆ ಹೇಗೆ ಬೇಕಾದರೂ ಬಳಸಿ, ಹೊಣೆ ನನ್ನದು ಎಂದು ಬರೆದು, 6 ಗಂಟೆ ಅಲುಗದೆ ನಿಂತಳು. ಗುಲಾಬಿ, ಗರಿ, ಜೇನುತುಪ್ಪ ಇದ್ದವು. ಕತ್ತರಿ, ಚೂರಿ, ಒಂದು ಪಿಸ್ತೂಲು, ಒಂದು ಗುಂಡೂ ಇದ್ದವು. ಮೊದಮೊದಲು ಹೂ ಕೊಟ್ಟರು. ಹೊತ್ತು ಕಳೆದ ಹಾಗೆ ಬಟ್ಟೆ ಕತ್ತರಿಸಿದರು, ಚರ್ಮ ಕೊಯ್ದರು, ಮುಟ್ಟಬಾರದಲ್ಲೆಲ್ಲ ಮುಟ್ಟಿದರು. ಕೊನೆಗೆ ಯಾರೋ ಗುಂಡು ತುಂಬಿದ ಪಿಸ್ತೂಲನ್ನು ಅವಳ ಕೈಗೇ ಹಿಡಿಸಿ ಕುತ್ತಿಗೆಗೆ ಒತ್ತಿದರು, ಇನ್ನಾರೋ ಕಿತ್ತುಕೊಂಡರು. ಸಮಯ ಮುಗಿದು ಅವಳು ಮನುಷ್ಯಳಂತೆ ಎದುರಿಗೆ ನಡೆದು ಬಂದಾಗ ಜನ ಜಾಗ ಖಾಲಿ ಮಾಡಿದರು. ಅಲ್ಲಿದ್ದವರು ಪುಂಡರಲ್ಲ, ಕಲೆ ನೋಡಲು ಬಂದ ಊರ ಮರ್ಯಾದಸ್ಥರು. ಹಿಟ್ಟನ್ನು ತೆಗೆದುಬಿಟ್ಟರೆ ಕಾಮ ಮತ್ತು ಕ್ರೌರ್ಯದ ನಡುವಿನ ಗೋಡೆ ಎಷ್ಟು ತೆಳು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ. ಆದರೆ ಆ ಪಾಠಕ್ಕೆ ಬೆಲೆ ತೆತ್ತದ್ದು ಒಬ್ಬ ಹೆಣ್ಣಿನ ಮೈ.

ಹಾಗಾಗಿ ನಟನ ಮಟ್ಟಿಗೆ ಹಿಟ್ಟು ಬೇಕೇ ಬೇಕು. ‘ಪಾತ್ರದೊಳಗೆ ಇಳಿ’ ಎಂಬ ನೆಪದಲ್ಲಿ ತಾಲೀಮಿನಲ್ಲಿ ನಟಿಯನ್ನು ಬೈದು, ಎಳೆದಾಡಿ, ನಿಜವಾಗಿ ಅಳಿಸಿ, ಆ ಕಣ್ಣೀರನ್ನು ಪ್ರಯೋಗಕ್ಕೆ ಬಳಸಿಕೊಳ್ಳುವ ನಿರ್ದೇಶಕರನ್ನು ಹವ್ಯಾಸಿ ವಲಯದಲ್ಲಿ ಓಡಾಡಿದ ಯಾರಾದರೂ ಕಂಡಿರುತ್ತಾರೆ. ಈಚೆಗೆ ಹೊರದೇಶಗಳ ರಂಗಭೂಮಿಯಲ್ಲಿ ಮುತ್ತು, ಅಪ್ಪುಗೆ, ಹೊಡೆತಗಳ ದೃಶ್ಯಗಳನ್ನು ಕತ್ತಿವರಸೆಯ ಹಾಗೆ ಹೆಜ್ಜೆ ಹೆಜ್ಜೆಯಾಗಿ ಕಟ್ಟಿಕೊಡುವವರೇ ಬೇರೆ ಇರುತ್ತಾರೆ. ಕಲೆಯ ಬಿಸಿ ಇದರಿಂದ ಆರುತ್ತದೆ ಎನ್ನುವವರು ಬ್ರೂಕನ ರಿಬ್ಬನ್ ಮರೆತಿದ್ದಾರೆ. ಹಿಟ್ಟಿನ ಆಸರೆ ಸಿಗಬಾರದ್ದು ಪ್ರೇಕ್ಷಕನಿಗೆ.

ನಾಟಕಕಾರ್ತಿ ಸಾರಾ ಕೇನ್‌ಗೆ ಈ ವ್ಯತ್ಯಾಸ ಗೊತ್ತಿತ್ತು. 1995ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದ ಮಾಳಿಗೆಯ ಪುಟ್ಟ ಸಭಾಂಗಣದಲ್ಲಿ ‘ಬ್ಲಾಸ್ಟೆಡ್’ ಶುರುವಾದಾಗ ಆಕೆಗೆ ಇನ್ನೂ 23 ವರ್ಷ. ಲೀಡ್ಸ್ ನಗರದ ದುಬಾರಿ ಹೋಟೆಲ್ ಕೋಣೆ, ನಡುವಯಸ್ಸಿನ ಪತ್ರಕರ್ತ ಇಯಾನ್, ಅವನಿಗಿಂತ ಬಹಳ ಚಿಕ್ಕವಳಾದ ಕೇಟ್. ನಡುವೆ ಒಬ್ಬ ಸೈನಿಕ ನುಗ್ಗುತ್ತಾನೆ, ಬಾಂಬು ಸಿಡಿದು ಕೋಣೆ ಛಿದ್ರವಾಗುತ್ತದೆ, ಇಯಾನ್ ಅತ್ಯಾಚಾರಕ್ಕೊಳಗಾಗಿ ಕಣ್ಣು ಕಳೆದುಕೊಳ್ಳುತ್ತಾನೆ. ಪತ್ರಿಕೆಗಳು ಹೊಲಸು ಎಂದು ಅರಚಿದವು. ಎಡ್ವರ್ಡ್ ಬಾಂಡ್, ಹೆರಾಲ್ಡ್ ಪಿಂಟರ್‌ರಂಥ ಹಿರಿಯ ನಾಟಕಕಾರರು ಆಕೆಯ ಪರ ನಿಂತರು. ಗಮನಿಸಬೇಕಾದ ಸಂಗತಿ ಬೇರೊಂದಿದೆ. ನಾಟಕದ ಮೊದಲ ಅತ್ಯಾಚಾರ ನಡೆಯುವುದು ಎರಡು ದೃಶ್ಯಗಳ ನಡುವಿನ ಕತ್ತಲಲ್ಲಿ. ಇಯಾನ್ ಕೇಟಳನ್ನು ಕೆಡಿಸಿದ್ದು ಬೆಳಗಾದ ಮೇಲೆ ನಮಗೆ ತಿಳಿಯುತ್ತದೆ, ಕೋಣೆಯ ಹೂಗೊಂಚಲು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತದೆ. ಸೈನಿಕನ ಕೃತ್ಯಕ್ಕೆ ಹೌಹಾರಿದವರಲ್ಲಿ ಎಷ್ಟೋ ಮಂದಿ ಈ ಹೋಟೆಲ್ ರಾತ್ರಿಯನ್ನು ದಾಟಿಹೋದರು. ಬೋಸ್ನಿಯಾದ ಯುದ್ಧವನ್ನು ಟೀವಿಯಲ್ಲಿ ನೋಡುತ್ತ ಈ ನಾಟಕ ಬರೆದ ಕೇನ್, ದೂರದ ಯುದ್ಧಕ್ಕೂ ಪಕ್ಕದ ಕೋಣೆಗೂ ಒಂದೇ ಬೇರು ಎಂದು ತೋರಿಸಲು ಹೊರಟಿದ್ದಳು. ಪ್ರೀತಿ ಎಂಬ ಹೆಸರಿನಲ್ಲಿ ನಡೆದಾಗ ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಬಲಾತ್ಕಾರ ಸಮವಸ್ತ್ರ ತೊಟ್ಟು ಬಂದಾಗ ಮಾತ್ರ ನಮಗೆ ಹೊಲಸಾಗಿ ಕಾಣುತ್ತದೆ. ನೆಲದಲ್ಲಿ ಹೂತಂತೆ ಕೂತ ಕುರುಡ ಇಯಾನನಿಗೆ ಕೊನೆಗೆ ಕೇಟ್ ತಿನ್ನಿಸುತ್ತಾಳೆ, ಕುಡಿಸುತ್ತಾಳೆ. ಅವನು ಉಪಕಾರ ನೆನೆಯುತ್ತಾನೆ. ಇಡೀ ನಾಟಕದಲ್ಲಿ ಸಹಿಸಲು ಕಷ್ಟವಾಗುವುದು ನನಗೆ ಈ ಊಟವೇ.

ಮರಾಠಿಯಲ್ಲಿ ವಿಜಯ್ ತೆಂಡೂಲ್ಕರ್ ಇದನ್ನು ಇನ್ನೂ ಮೊದಲೇ, ಇನ್ನೂ ಹತ್ತಿರದ ಮನೆಗಳೊಳಗೆ ಮಾಡಿದ್ದರು. 1970ರಲ್ಲಿ ಶ್ರೀರಾಮ್ ಲಾಗೂ ‘ಗಿಧಾಡೆ’ ಆಡಿಸಿದಾಗ, ಒದೆ ತಿಂದು ಗರ್ಭ ಕಳೆದುಕೊಂಡ ಹೆಣ್ಣಿನ ಸೀರೆಯ ಮೇಲಿನ ಕೆಂಪು ಕಲೆಗೆ ಸೆನ್ಸಾರ್ ಮಂಡಳಿ ಆಕ್ಷೇಪ ಎತ್ತಿತು. ತಂಡದವರು ಕಲೆಯನ್ನು ನೀಲಿ ಮಾಡಿ, ಇದನ್ನು ಕೆಂಪೆಂದು ತಿಳಿದುಕೊಳ್ಳಿ ಎಂದು ಪ್ರೇಕ್ಷಕರಿಗೆ ಮೊದಲೇ ಹೇಳಿಬಿಟ್ಟರಂತೆ. ರಂಗಭೂಮಿಯ ಚರಿತ್ರೆಯಲ್ಲಿ ಸೆನ್ಸಾರಿಗೆ ಸಿಕ್ಕ ಇದಕ್ಕಿಂತ ಜಾಣ ಉತ್ತರ ನನಗೆ ಗೊತ್ತಿಲ್ಲ. ಕೆಂಪು ಬಳಿಯುವ ಕೆಲಸ ಈಗ ನೋಡುವವನ ಪಾಲಿಗೆ ಬಂತು.

1972ರ ‘ಸಖಾರಾಮ್ ಬೈಂಡರ್’ ಕೋರ್ಟು ಹತ್ತಿ ಗೆದ್ದು ಬಂದ ನಾಟಕ. ಗಂಡ ಬಿಟ್ಟ ಹೆಂಗಸರನ್ನು ಮನೆಗೆ ತಂದಿಟ್ಟುಕೊಳ್ಳುವ, ಬಾಯಿಬಡುಕ, ಕುಡುಕ ಸಖಾರಾಮನೇ ಅದರ ಕ್ರೂರಿ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಹೌದು ಕೂಡ. ಅವನ ಹಾಸಿಗೆಗೆ ಹೋಗುವ ಮೊದಲು ಅವರಲ್ಲೊಬ್ಬಳಾದ ಚಂಪಾ ಎಚ್ಚರ ತಪ್ಪುವಷ್ಟು ಹೆಂಡ ಕುಡಿಯುತ್ತಾಳೆ. ಅವನ ಸುಖ ಎಂಥದೆಂದು ತಿಳಿಯಲು ಆ ಬಾಟಲಿಯೇ ಸಾಕು. ಆದರೆ ಚಂಪಾಳ ಸಾವಿಗೆ ಹಾದಿ ಮಾಡುವವಳು ಇನ್ನೊಬ್ಬಳು, ಲಕ್ಷ್ಮಿ, ಪೂಜೆ ಪುನಸ್ಕಾರದ ಲಕ್ಷ್ಮಿ, ಇರುವೆಗೆ ತಿನ್ನಿಸಿ ಅದರ ಜತೆ ಮಾತಾಡುವ ಲಕ್ಷ್ಮಿ. ಚಂಪಾಳಿಗೆ ಬೇರೆಯವನ ಸಂಗವಿದೆ ಎಂದು ಸಖಾರಾಮನ ಕಿವಿಗೆ ಹಾಕುತ್ತಾಳೆ. ಕೊಲೆಯಾದ ಮೇಲೆ ಹೆಣ ಹೂಳಲು ಧೈರ್ಯ ಕೊಡುತ್ತಾಳೆ. ಇರುವೆಯನ್ನು ಮೆಟ್ಟದವಳ ಅಹಿಂಸೆ ಹೀಗೂ ಇರಬಹುದು ಎಂದು ಹೇಳಲು ತೆಂಡೂಲ್ಕರರಿಗೆ ಕೆಚ್ಚು ಬೇಕಾಗಿತ್ತು.

ಈ ದಾರಿಯಲ್ಲಿ ‘ಹಿಟ್ಟಿನ ಹುಂಜ’ಕ್ಕೆ ಮರಳಿದರೆ ಕಾರ್ನಾಡರ ರಾಜ ಬೇರೆಯಾಗಿಯೇ ಕಾಣುತ್ತಾನೆ. ಅವನು ಒಳ್ಳೆಯವನು. ಹೆಂಡತಿಗಾಗಿ ಅಹಿಂಸೆಯ ಧರ್ಮಕ್ಕೆ ಬಂದವನು, ತಾಯಿಯ ನಂಬಿಕೆಯನ್ನೂ ಪೂರ್ತಿ ಬಿಡಲಾರದವನು. ರಾಣಿ ಬೇರೊಬ್ಬನ ತೋಳಿಗೆ ಹೋದದ್ದು ಗೊತ್ತಾದಾಗಲೂ ಅವನು ಕತ್ತಿ ಎಳೆದು ಮುಗಿಸಿಬಿಡುವ ಗಂಡಸಲ್ಲ. ಕ್ಷಮಿಸುವುದಕ್ಕೂ ಸಿದ್ಧ. ಕೇಳುವುದು ಇಷ್ಟೇ: ಹಿಟ್ಟಿನ ಹುಂಜದ ಬಲಿಗೆ ಅವಳೂ ಜತೆಗೂಡಬೇಕು, ಏನೂ ಆಗಿಲ್ಲವೆಂಬಂತೆ ಎಲ್ಲ ಮೊದಲಿನ ಹಾಗಾಗಬೇಕು. ರಾಣಿಗೆ ಸಹಿಸಲಾಗದ್ದು ಇದೇ. ಅವಳು ಪಶ್ಚಾತ್ತಾಪ ಪಡುವುದಿಲ್ಲ. ಮಾವುತನ ಜತೆ ಕಳೆದ ಗಳಿಗೆಯನ್ನು ಅವಳು ತಪ್ಪೆಂದೂ ಕರೆಯಳು, ಆದರೆ ಹಿಟ್ಟನ್ನು ಕಡಿದು ತೊಳೆದುಕೊಳ್ಳುವ ನಾಟಕ ಅವಳಿಗೆ ಹಿಂಸೆಯಾಗಿ ಕಾಣುತ್ತದೆ. ಗಂಡನ ಮೃದುತ್ವದ ಒಳಗೆ ಬಚ್ಚಿಟ್ಟುಕೊಂಡ ಕತ್ತಿಯನ್ನು ಅವಳೊಬ್ಬಳೇ ನೋಡುತ್ತಾಳೆ. ಕ್ರೌರ್ಯ ಎಂದರೆ ಗದ್ದಲ, ಕಾಮ ಎಂದರೆ ಹೊಲಸು ಎಂದುಕೊಂಡವರಿಗೆ ಈ ನಾಟಕದಲ್ಲಿ ಏನೂ ಸಿಗದು.

ಇಷ್ಟು ಮೆಚ್ಚಿದ ಮೇಲೆ ತಕರಾರನ್ನೂ ಹೇಳಬೇಕು. ಹೆಣ್ಣಿನ ಬಯಕೆಗೆ ಆಧುನಿಕ ನಾಟಕಕಾರ ಮಾತು ಕೊಟ್ಟ, ನಿಜ. ಕೊಟ್ಟ ಕೂಡಲೇ ದಂಡ ವಸೂಲು ಮಾಡಿದ ಎಂಬುದೂ ಅಷ್ಟೇ ನಿಜ. ಸ್ಟ್ರಿಂಡ್‌ಬರ್ಗ್ 1888ರಲ್ಲಿ ಬರೆದ ‘ಮಿಸ್ ಜೂಲಿ’ಯಲ್ಲಿ ಜಮೀನ್ದಾರನ ಮಗಳು ಆಳನ್ನು ಕೂಡಿದ ರಾತ್ರಿ ಕಳೆಯುವಷ್ಟರಲ್ಲಿ ಆ ಆಳು ಅವಳ ಹಕ್ಕಿಯ ಕತ್ತು ಕಡಿಯುತ್ತಾನೆ; ಆಮೇಲೆ ರೇಜರ್ ಹಿಡಿದು ಹೊರಗೆ ಹೋಗುವ ಸರದಿ ಅವಳದು. ‘ಹಯವದನ’ದ ಪದ್ಮಿನಿ ತಲೆ ಒಬ್ಬನದು, ಮೈ ಇನ್ನೊಬ್ಬನದು ಬೇಕೆಂದವಳು, ಚಿತೆ ಏರುತ್ತಾಳೆ. ಕಾರ್ನಾಡರದೇ ‘ಅಂಜುಮಲ್ಲಿಗೆ’ಯ ಯಾಮಿನಿ ಉಳಿಯುವುದಿಲ್ಲ. ‘ನಾಗಮಂಡಲ’ದ ರಾಣಿ ಪಾರಾಗುತ್ತಾಳೆ, ಹೇಗೆಂದರೆ ರಾತ್ರಿ ಬಂದವನು ಗಂಡನಲ್ಲವೆಂದು ತನಗೆ ಗೊತ್ತಿತ್ತೆಂದು ಅವಳು ಎಲ್ಲೂ ಬಾಯಿ ಬಿಟ್ಟು ಹೇಳುವುದಿಲ್ಲ. ಗೊತ್ತಿದ್ದೂ ಬಯಸಿದವಳು ಸಾಯಬೇಕು, ಗೊತ್ತಿಲ್ಲದವಳು ದೇವತೆಯಾಗಬಹುದು. ಪಂಚಾಯಿತಿ ಕಟ್ಟೆಯ ನ್ಯಾಯವೂ ಇದೇ ಅಲ್ಲವೇ? ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಮಾತ್ರ ಲೆಕ್ಕ ತಿರುವುಮುರುವು: ಗೌಡತಿ ಬಸುರಾಗಿ ಉಳಿಯುತ್ತಾಳೆ, ಸಾಯುವವನು ಅವಳು ಕೂಡಿದ ಬಸಣ್ಣ. ಅಲ್ಲಿ ಬಯಕೆಯ ಜತೆ ನೆಲದ ಪ್ರಶ್ನೆಯೂ ಕೂಡಿಕೊಂಡಿರುವುದರಿಂದ ಗೌಡನ ಬಂದೂಕಿಗೆ ಬೇರೆ ಗುರಿ ಸಿಕ್ಕಿತು.

ಹೊಡೆಯುವ ಗಂಡಸನ್ನು ಹೆಣ್ಣು ಬಯಸುತ್ತಾಳೆ ಎಂಬ ಚಿತ್ರಕ್ಕೂ ಗಂಡು ಲೇಖಕರಲ್ಲಿ ವಿಪರೀತ ಮೋಹ. 1947ರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ನಲ್ಲಿ ಬಸುರಿ ಹೆಂಡತಿಯ ಮೇಲೆ ಕೈ ಮಾಡಿದ ಸ್ಟ್ಯಾನ್ಲಿ ಕೆಳಗೆ ನಿಂತು ಗೋಗರೆದರೆ ಸ್ಟೆಲ್ಲಾ ಮೆಟ್ಟಿಲಿಳಿದು ಬರುತ್ತಾಳೆ. ಆ ಪಾತ್ರ ಮಾಡಿದ ಮಾರ್ಲನ್ ಬ್ರಾಂಡೋನ ಮೈಕಟ್ಟಿಗೆ ಮರುಳಾಗಿ ಪ್ರೇಕ್ಷಕರ ಒಲವು ಸ್ಟ್ಯಾನ್ಲಿಯ ಕಡೆ ವಾಲಿತೆಂಬುದು ಆಗಿನಿಂದ ಇರುವ ಮಾತು. ಟೆನೆಸ್ಸಿ ವಿಲಿಯಮ್ಸ್ ಬರೆದದ್ದು ಒಂದು, ರಂಗದ ಮೇಲೆ ಗೆದ್ದದ್ದು ಇನ್ನೊಂದು. ಪ್ರೇಕ್ಷಕನ ಆಸೆಯನ್ನು ನಾಟಕ ಹಿಡಿದು ನಿಲ್ಲಿಸದೆ ಹೋದರೆ ಆಗುವ ಎಡವಟ್ಟು ಇದು. ಅವನು ಅಮಾಯಕನಾಗಿಯೇ ಉಳಿದು, ಹೊಡೆದವನ ಪಕ್ಷ ಸೇರಿಕೊಂಡಿರುತ್ತಾನೆ.

ಜನ್ನನ ಕಾವ್ಯದಲ್ಲಿ ಈ ಪ್ರೇಕ್ಷಕನಿಗೂ ಒಂದು ಜಾಗವಿದೆ. ಯಶೋಧರನ ಕಥೆಯನ್ನು ಕೇಳುವವನು ಮಾರಿದತ್ತನೆಂಬ ಇನ್ನೊಬ್ಬ ಅರಸ. ದೇವಿಗೆ ನರಬಲಿ ಕೊಡಲು ಹಿಡಿದು ತಂದ ಎಳೆಯರೇ ಅವನಿಗೆ ಕಥೆ ಹೇಳುತ್ತಾರೆ. ಕೇಳುಗನ ಕೈಯಲ್ಲಿ ಕತ್ತಿ, ಹೇಳುವವರ ಕುತ್ತಿಗೆ ಅದರ ಕೆಳಗೆ. ಕಥೆ ಕೇಳಿ ಅವನು ಬದಲಾಗುತ್ತಾನೆ. ಕಾರ್ನಾಡರು ಈ ಚೌಕಟ್ಟನ್ನು ಬಿಟ್ಟುಕೊಟ್ಟು ನಾಲ್ಕು ಪಾತ್ರಗಳ ಒಂದು ರಾತ್ರಿಯನ್ನಷ್ಟೇ ಉಳಿಸಿಕೊಂಡರು. ಮಾರಿದತ್ತನ ಖಾಲಿ ಕುರ್ಚಿಯಲ್ಲಿ ಈಗ ಸಭಾಂಗಣವೇ ಕೂತಿದೆ. ಆದರೆ ಜನ್ನನ ಮಾರಿದತ್ತನಿಗೆ ದೊರೆತ ಬಿಡುಗಡೆ ಅಮೃತಮತಿಗೆ ದೊರೆಯಲಿಲ್ಲ. ಹಿಟ್ಟಿಗೆ ಮರುಗಿದ ಕವಿ ಅವಳನ್ನು ನರಕಕ್ಕೆ ಕಳಿಸಿದ. ಅವಳ ಮಾತನ್ನು ಕೇಳುವಂತೆ ಮಾಡಿದ್ದು ಎಂಟು ಶತಮಾನಗಳಷ್ಟು ಈಚೆಗೆ ಬಂದ ನಾಟಕ.

ಈ ಕಥೆಯನ್ನು ಆಡಿಸುವವರಿಗೆ ಒಂದು ಸಣ್ಣ ಸಂಗತಿ. ತಡವಾಗಿ ಬಂದಳೆಂದು ಜನ್ನನ ಮಾವುತ ರಾಣಿಯ ಕೂದಲು ಹಿಡಿದು ಬಡಿಯುತ್ತಾನೆ. ಅವಳು ಅವನನ್ನೇ ಓಲೈಸುತ್ತಾಳೆ. ಹಿಂಬಾಲಿಸಿ ಬಂದ ಅರಸ ಮರೆಯಲ್ಲಿ ನಿಂತು ಎಲ್ಲ ನೋಡುತ್ತಾನೆ. ಅವನ ಕೈ ಕತ್ತಿಗೆ ಹೋಗುವುದು ಏಟು ತಿನ್ನುವವಳನ್ನು ಕಾಪಾಡಲು ಅಲ್ಲ, ಇಬ್ಬರನ್ನೂ ಕಡಿಯಲು. ಅದನ್ನೂ ಅವನು ಮಾಡುವುದಿಲ್ಲ, ಸುಮ್ಮನೆ ಹಿಂದಿರುಗುತ್ತಾನೆ. ಈ ಪ್ರಸಂಗವನ್ನು ರಂಗಕ್ಕೆ ತಂದರೆ ನಮ್ಮ ತಂಡಗಳು ಬೆಳಕನ್ನೆಲ್ಲ ಮಾವುತನ ತೋಳಿಗೆ, ರಾಣಿಯ ಬಿಚ್ಚಿದ ಕೂದಲಿಗೆ ಸುರಿದು, ಮೇಲೆ ಚಂಡೆ ಬಾರಿಸಿಯಾವು. ನನ್ನನ್ನು ಕೇಳಿದರೆ ಆ ಬೆಳಕು ಅರಸನ ಮುಖಕ್ಕೆ ಬೀಳಬೇಕು, ಏಟಿನ ಸದ್ದು ಕತ್ತಲೆಯಿಂದ ಬರಬೇಕು, ಮತ್ತು ಅವನು ನಿಂತು ನೋಡುವ ಹೊತ್ತನ್ನು ಒಂದಿಷ್ಟೂ ಕಡಿತ ಮಾಡಬಾರದು.